ಇಲ್ಲದ ಕ್ಲಚ್ಚಿನ ಮೇಲೆ ಇಟ್ಟ ಕಾಲು

ಇಂಥ ಅನುಭವಗಳನ್ನು ಹೇಳುವವರನ್ನು ನಾನು ಬಹಳ ವರ್ಷ ನಂಬಿರಲಿಲ್ಲ. ಮದುವೆ ಮನೆಯಲ್ಲೋ ಕಾಲೇಜಿನ ಸ್ಟಾಫ್ ರೂಮಿನಲ್ಲೋ ಯಾರಾದರೂ "ನನಗ ಒಮ್ಮೆ ಏನಾತು ಅಂದ್ರ" ಎಂದು ದನಿ ತಗ್ಗಿಸಿದರೆ ಸಾಕು, ಮನಸ್ಸಿನೊಳಗೆ ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಊಟ ಮಾಡಿದ್ದರೇ, ನಿದ್ದೆ ಆಗಿತ್ತೇ, ಇದನ್ನು ಮೊದಲ ಸಲ ಯಾರಿಗೆ ಹೇಳಿದರು, ಅವರು ಏನು ಸೇರಿಸಿದರು. ನಾನು ಎಂ.ಎ.ಗೆ ಓದಿದ್ದು ಮನಶ್ಶಾಸ್ತ್ರ. ನೆನಪು ಎನ್ನುವುದು ಪೆಟ್ಟಿಗೆಯಲ್ಲಿ ಇಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಮಾಡಿಕೊಳ್ಳುವಂಥದ್ದು ಎಂದು ಹುಡುಗರಿಗೆ ಪಾಠ ಮಾಡುತ್ತೇನೆ. ದಿನಚರಿ ಬರೆಯುವ ಅಭ್ಯಾಸ ಇದೆ, ಆದರೆ ಅದನ್ನೂ ಪೂರ್ತಿ ನಂಬುವುದಿಲ್ಲ. ಸಂಜೆ ಬರೆಯುವವಳು ಬೆಳಗಿನ ನಾನು ಅಲ್ಲವಲ್ಲ.

ಇಷ್ಟು ಹೇಳಿದ ಮೇಲೆ ಈಗ ಬರೆಯುತ್ತಿರುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಂಬಿಸುವ ಅಗತ್ಯ ನನಗೆ ಇಲ್ಲ. ಆದರೆ ಇದು ಆಗಲಿಲ್ಲ ಎಂದು ಹೇಳಲು ಮಾತ್ರ ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಮೊದಲು ನನ್ನ ಎಡಗಾಲಿನ ವಿಷಯ. ಚಿಕ್ಕವಳಿದ್ದಾಗ ಜ್ವರ ಬಂದು ಸೊಂಟಕ್ಕೆ ಹಾಕಿಸಿದ ಇಂಜೆಕ್ಷನ್ ನರಕ್ಕೆ ತಾಗಿತು. ಅಂದಿನಿಂದ ಮೊಣಕಾಲಿನ ಕೆಳಗೆ ಕಾಲು ಸೊರಗಿದೆ. ಪಾದವನ್ನು ಮೇಲೆತ್ತಲು ಬರುವುದಿಲ್ಲ, ಕೆಳಗೊತ್ತಲು ಬಲವಿಲ್ಲ, ಅಂಗಾಲಿಗೆ ಕಲ್ಲು ಯಾವುದು ಚಾಪೆ ಯಾವುದು ತಿಳಿಯುವುದಿಲ್ಲ. ಬೂಟಿನೊಳಗೆ ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿಕೊಂಡು ನಡೆಯುತ್ತೇನೆ. ನಡಿಗೆ ಸ್ವಲ್ಪ ವಾಲುತ್ತದೆ, ಅಷ್ಟೇ. ಕಾಲೇಜು ಓದುವಾಗ ಅಣ್ಣನ ಹಳೆಯ ಜೀಪಿನಲ್ಲಿ ಡ್ರೈವಿಂಗ್ ಕಲಿಯಲು ಹೋಗಿದ್ದೆ. ತೊಡೆಯ ಬಲದಿಂದ ಕ್ಲಚ್ ಒತ್ತಿಬಿಡಬಹುದು, ಆದರೆ ಮೆಲ್ಲಗೆ ಬಿಡುವುದು ಆಗುವುದಿಲ್ಲ. ಗಾಡಿ ಎಲ್ಲಿ ಹಿಡಿಯುತ್ತದೆ ಎನ್ನುವುದನ್ನು ಅಂಗಾಲು ಹೇಳಬೇಕು. ನನ್ನ ಅಂಗಾಲು ಏನೂ ಹೇಳುವುದಿಲ್ಲ. ಕಾಲು ಜಾರಿತು, ಜೀಪು ಹಾರಿ ಹಿತ್ತಿಲ ಗೋಡೆಗೆ ಹೊಡೆಯಿತು. ಅದರ ನಂತರ ಮನೆಯಲ್ಲಿ ನನಗೆ ಪಕ್ಕದ ಸೀಟು ಖಾಯಂ ಆಯಿತು.

ಅಣ್ಣ ಮಹಾಂತೇಶ ಬೆಳಗಾವಿಯ ಉದ್ಯಮಬಾಗದಲ್ಲಿ ಗ್ಯಾರೇಜು ಇಟ್ಟು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿಗೆ ಹೆಸರು ಮಾಡಿದ ಮೇಲೆ ಆ ಸೀಟಿನಿಂದ ಎದ್ದೆ. ಕ್ಲಚ್ಚೇ ಇಲ್ಲದ ಗಾಡಿ. ಕಾಲು ಮಾಡುವ ಕೆಲಸವನ್ನು ಅದರೊಳಗೆ ಎಣ್ಣೆ ಮಾಡುತ್ತದೆ. ಎಡಗಾಲನ್ನು ಬದಿಗಿಟ್ಟು ಬಲಗಾಲಿನಿಂದಲೇ ನಾನು ಕಲಿತೆ. ಖಾನಾಪುರದ ಆಚೆ ಕಣಕುಂಬಿ ಕಡೆಯ ಕೆಂಪು ಕೆಸರಿನ ದಾರಿಗಳಲ್ಲಿ ಅಣ್ಣನಿಗಿಂತ, ಅವನ ಗೆಳೆಯ ಭರತೇಶನಿಗಿಂತ ಚೆನ್ನಾಗಿ ಓಡಿಸುತ್ತಿದ್ದೆ. ಇದು ನನ್ನ ಹೊಗಳಿಕೆಯಲ್ಲ, ಅವರಿಬ್ಬರೂ ಒಪ್ಪಿದ ಮಾತು. ಭರತೇಶ ಒಪ್ಪುವಾಗ ಮುಖ ಸಿಂಡರಿಸುತ್ತಿದ್ದ, ಆದರೂ ಒಪ್ಪುತ್ತಿದ್ದ.

ಭರತೇಶನದು ಫೌಂಡ್ರಿ. ಅವನೂ ಅಣ್ಣನೂ ಸೇರಿ ರಾಜಸ್ಥಾನದ ಮರಳಿನಲ್ಲಿ ನಡೆಯುವ ಒಂದು ಸ್ಪರ್ಧೆಗೆಂದು ಗಾಡಿ ಕಟ್ಟಿದರು. ಹಳೆಯ ಜೀಪಿನ ಚಾಸಿ, ಮೇಲೆ ಕಬ್ಬಿಣದ ಪೈಪಿನ ಪಂಜರ, ಗುಜರಿಗೆ ಹೋಗಿದ್ದ ಒಂದು ದೊಡ್ಡ ಕಾರಿನಿಂದ ಬಿಚ್ಚಿದ ಎಂಜಿನ್ನು ಮತ್ತು ಗೇರ್‌ಬಾಕ್ಸು. ಆಟೊಮ್ಯಾಟಿಕ್. ಓಡಿಸುವವಳು ನಾನು ಎಂದು ಅಣ್ಣ ಹೇಳಿದ್ದ. ನನಗೆ ಆ ಸೀಟು ಎಷ್ಟು ಬೇಕಾಗಿತ್ತು ಎಂದು ಇಲ್ಲಿ ಬರೆಯಲು ಹೋದರೆ ಅತಿಯಾಗಿ ಕಾಣುತ್ತದೆ. ಶಾಲೆಯಲ್ಲಿ ಆಟದ ಪಿರಿಯಡ್ಡಿನಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕುಳಿತವರಿಗೆ ಹೇಳದೆಯೂ ಗೊತ್ತಾಗುತ್ತದೆ.

ತೊಂದರೆ ಮರಳಿನಲ್ಲಿ. ಮೆತ್ತನೆಯ ಮರಳಿನಲ್ಲಿ ಗಾಲಿ ಹೂತಷ್ಟೂ ಎಂಜಿನ್ನು ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಆ ವ್ಯತ್ಯಾಸವೆಲ್ಲ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ಎಣ್ಣೆ ಕಾದು ತೆಳುವಾಗುತ್ತದೆ, ಒಳಗಿನ ಪ್ಲೇಟುಗಳು ಜಾರುತ್ತವೆ, ಸುಡುತ್ತವೆ. ಬೆಳಗಾವಿಯಲ್ಲಿ ಮರಳುಗಾಡು ಎಲ್ಲಿಂದ ತರುವುದು? ಫೌಂಡ್ರಿಗಳಲ್ಲಿ ಎರಕಕ್ಕೆ ಅಚ್ಚು ಕಟ್ಟಿ ಸುಟ್ಟ ಕರಿಮರಳನ್ನು ಒಂದೆಡೆ ಸುರಿಯುತ್ತಾರೆ. ಭರತೇಶ ಆ ರಾಶಿಗಳನ್ನೇ ನಮ್ಮ ಮರುಭೂಮಿ ಮಾಡಿದ. ಕಾಲಿಟ್ಟರೆ ಹಿಟ್ಟಿನಂತೆ ಕುಸಿಯುವ ಆ ದಿಬ್ಬದ ಮೇಲೆ ಮೊದಲ ಸಲ ಹತ್ತಿಸಿದಾಗ ಅರ್ಧಕ್ಕೇ ಒಗ್ಗರಣೆ ಸೀದಂಥ ವಾಸನೆ ಬಂತು. ಅಣ್ಣ ಎಣ್ಣೆ ತೆಗೆದು ನೋಡಿದರೆ ಕೆಂಪಗಿರಬೇಕಾದದ್ದು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ತಣಿಸಲು ದೊಡ್ಡ ಕೂಲರ್ ಕೂಡಿಸಿದ, ಬಿಸಿ ತೋರಿಸುವ ಮುಳ್ಳನ್ನು ನನ್ನ ಕಣ್ಣೆದುರಿಗೇ ಹಾಕಿದ. ಎರಡನೆಯ ಸಲವೂ ಮುಳ್ಳು ಕೆಂಪಿಗೆ ಹೋಯಿತು.

ಅವತ್ತು ಭರತೇಶ ಕೈ ಮೈ ಎಲ್ಲ ಕಪ್ಪಾಗಿ ದಿಬ್ಬದ ಮೇಲೆ ಕುಳಿತು ಹೇಳಿದ: "ನೋಡವಾ ತಂಗಿ, ಈ ಗೇರ್‌ಬಾಕ್ಸ್ ಅಂದ್ರ ಬೀಗರು ಇದ್ದಂಗ. ಹಗುರ ದಾರಿ ಇದ್ರ ನಕ್ಕೋತ ಬರತಾರ, ಕಷ್ಟ ಬಂತಂದ್ರ ಕೈ ಬಿಡತಾರ. ಇನ್ನೊಂದ ಸಲ ನೋಡೂಣು. ಆಗಲಿಲ್ಲಂದ್ರ ಮ್ಯಾನ್ಯುಯಲ್ ಹಾಕೂದು, ನಾ ಓಡಸೂದು. ನೀ ಬಾಜು ಕುಂದ್ರು."

ಅಣ್ಣ ಬಗ್ಗಿ ಕೂಲರಿನ ಪೈಪು ಬಿಚ್ಚತೊಡಗಿದ. ಅದೇ ನನಗೆ ಉತ್ತರವಾಗಿತ್ತು.

ಆ ಇನ್ನೊಂದು ಸಲಕ್ಕೆ ಖಾನಾಪುರಕ್ಕೆ ಹೋದೆವು. ಹಲಸಿಯ ಕಡೆ ಹೋಗುವ ದಾರಿ ಬಿಟ್ಟು ಒಳಗೆ ಹೊಕ್ಕರೆ ಹೊಳೆಯ ಒಂದು ತಿರುವಿನಲ್ಲಿ ಬೇಸಿಗೆಗೆ ಮರಳು ತೆರೆದುಕೊಳ್ಳುತ್ತದೆ. ಕೆಳಗೆ ಹಸಿರು ನೀರಿನ ಮಡು, ಅದರ ಅಂಚಿನಿಂದ ದಂಡೆಯವರೆಗೆ ಕಡಿದಾದ ಮರಳಿನ ಏರು. ಏಪ್ರಿಲ್ ತಿಂಗಳ ನಡುಹಗಲು. ಇಂಥ ಕಥೆಗಳು ರಾತ್ರಿಯಲ್ಲೇ ನಡೆಯಬೇಕೆಂದು ಬಯಸುವವರ ಕ್ಷಮೆ ಕೇಳುತ್ತೇನೆ. ನನ್ನದಕ್ಕೆ ಕತ್ತಲಿನ ನೆರವಿಲ್ಲ. ನೆರಳು ಕಾಲಿನ ಬುಡದಲ್ಲಿತ್ತು, ಎಲ್ಲವೂ ಕಣ್ಣು ಕುಕ್ಕುವಷ್ಟು ಸ್ಪಷ್ಟವಾಗಿತ್ತು. ಅಣ್ಣ ಮತ್ತು ಭರತೇಶ ದಂಡೆಯ ಮೇಲೆ ನಿಂತಿದ್ದರು. ಅವರಿಂದ ಸ್ವಲ್ಪ ದೂರದಲ್ಲಿ ಇಟ್ಟಿಗೆ ಭಟ್ಟಿಗೆ ಮಣ್ಣು ಹೊರುವ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ಡ್ರೈವರ್, ಹೆಸರು ಆಮೇಲೆ ತಿಳಿಯಿತು, ಪರಶುರಾಮ, ಊಟದ ಡಬ್ಬಿ ತೆರೆದುಕೊಂಡು ನಮ್ಮ ತಮಾಷೆ ನೋಡುತ್ತಿದ್ದ.

ಮೊದಲ ಏರು ಚೆನ್ನಾಗಿ ಆಯಿತು. ಟೈರಿನ ಗಾಳಿ ಇಳಿಸಿದ್ದೆವು, ಲಿವರನ್ನು ಕೆಳಗಿನ ಗೇರಿಗೆ ಕಟ್ಟಿಹಾಕಿದ್ದೆ, ಎಕ್ಸಲರೇಟರ್ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಕಾಲು. ತಿರುಗಿ ಮಡುವಿನ ಅಂಚಿಗೆ ಇಳಿದೆ. ಎರಡನೆಯ ಸಲ ಏರಿನ ನಡುವೆ ಮುಳ್ಳು ಒಮ್ಮೆಲೇ ಕೆಂಪಿಗೆ ಹಾರಿತು. ಆ ಸೀದ ವಾಸನೆ ಬಂತು. ಎಂಜಿನ್ನು ಅಳತೆಯಿಲ್ಲದೆ ಕೂಗಿತು, ಗಾಲಿಗಳು ನಿಂತವು. ಗೇರ್‌ಬಾಕ್ಸು ಕೈಬಿಟ್ಟಿತ್ತು. ಬ್ರೇಕ್ ಒತ್ತಿದೆ. ಗಾಲಿಗಳೇನೋ ಬಿಗಿದವು, ಆದರೆ ಗಾಲಿಯ ಕೆಳಗಿನ ಮರಳೇ ಜಾರತೊಡಗಿತು. ಗಾಡಿ ಹಿಂದಕ್ಕೆ, ಸ್ವಲ್ಪ ಅಡ್ಡಕ್ಕೆ ಇಳಿಯುತ್ತಿತ್ತು. ಹಿಂದೆ ಮಡು. ಕನ್ನಡಿಯಲ್ಲಿ ಹಸಿರು ನೀರು ಕಾಣುತ್ತಿತ್ತು. ನಾನು ಐದು ಕಡೆ ಬೆಲ್ಟಿನಿಂದ ಕಟ್ಟಿಸಿಕೊಂಡು ಕುಳಿತವಳು. ಅಂಜಿದೆ. ಅದನ್ನು ಮುಚ್ಚಿಡುವುದಿಲ್ಲ.

ಆಗ ನನ್ನ ಎಡಗಾಲು ಎದ್ದಿತು.

ನಾನು ಎತ್ತಿದೆ ಎಂದು ಬರೆಯಬೇಕೋ, ತಾನೇ ಎದ್ದಿತು ಎಂದು ಬರೆಯಬೇಕೋ ಇವತ್ತಿಗೂ ತಿಳಿಯುವುದಿಲ್ಲ. ಪಾದ ಮುಂದೆ ಹೋಗಿ ಒಂದು ಪೆಡಲ್ ಮೇಲೆ ಕುಳಿತಿತು. ಆ ಗಾಡಿಯಲ್ಲಿ ಆ ಜಾಗದಲ್ಲಿ ಏನೂ ಇಲ್ಲ, ಬರಿಯ ತಗಡು. ಆದರೆ ಪೆಡಲ್ ಇತ್ತು. ಅದಕ್ಕೆ ಗೆರೆಗೆರೆಯಾದ ರಬ್ಬರಿನ ಹೊದಿಕೆ ಇತ್ತು, ಆ ಗೆರೆಗಳು ನನ್ನ ಅಂಗಾಲಿಗೆ ತಿಳಿದವು. ಬೂಟು, ಪ್ಲಾಸ್ಟಿಕ್ ಪಟ್ಟಿ ಎಲ್ಲದರ ಒಳಗೆ ಇದ್ದ, ಚಿಕ್ಕಂದಿನಿಂದ ಏನನ್ನೂ ತಿಳಿಯದ ಅಂಗಾಲಿಗೆ. ಒತ್ತಿದೆ. ಸ್ಪ್ರಿಂಗಿನ ಬಲ ಎದುರು ನಿಂತಿತು. ಪೂರ್ತಿ ಒತ್ತಿ, ಬಲಗಾಲನ್ನು ಬ್ರೇಕಿನಿಂದ ಎಕ್ಸಲರೇಟರಿಗೆ ತಂದು, ಮೆಲ್ಲಗೆ ಬಿಡತೊಡಗಿದೆ. ಅರ್ಧಕ್ಕೆ ಬಂದಾಗ ಗಾಡಿ ಹಿಡಿದುಕೊಂಡಿತು. ಹಿಡಿಯುವುದೆಂದರೆ ಏನು ಎಂದು ಜನ ಹೇಳಿದ್ದನ್ನು ಕೇಳಿದ್ದೆ, ಅದು ಹಾಗೇ ಇತ್ತು. ಸಣ್ಣದೊಂದು ನಡುಕ ಕೆಳಗಿನಿಂದ ಬಂದು ಹಿಮ್ಮಡಿಯ ಮೂಲಕ ಮೇಲಕ್ಕೆ ಹೋಯಿತು. ಅಲ್ಲೇ ಕಾಲನ್ನು ನಿಲ್ಲಿಸಿದೆ. ಗಾಡಿ ಜಾರುವುದು ನಿಂತಿತು. ಮತ್ತಷ್ಟು ಬಿಟ್ಟೆ. ಗಾಡಿ ಮೊಳ ಮೊಳವಾಗಿ ಏರಿ ದಂಡೆಯ ಅಂಚು ದಾಟಿ ಗಟ್ಟಿ ನೆಲಕ್ಕೆ ಬಂತು. ಕಾಲನ್ನು ಇನ್ನೊಮ್ಮೆ ಒತ್ತಿದೆ. ಬೂಟು ತಗಡಿಗೆ ಬಡಿದು ಟಣ್ ಎಂದಿತು. ಅಲ್ಲಿ ಏನೂ ಇರಲಿಲ್ಲ.

ಅಣ್ಣ ಓಡಿ ಬಂದು ಬೆಲ್ಟು ಬಿಚ್ಚಿದ. ಇಳಿದವಳೇ ನೆಲದ ಮೇಲೆ ಕುಳಿತು ಎಡಗಾಲಿನ ಮೀನಖಂಡ ಹಿಡಿದುಕೊಂಡೆ. ಅಲ್ಲಿ ನೋವು. ಸೊರಗಿದ ಮಾಂಸ ಕಲ್ಲಿನಂತೆ ಬಿಗಿದಿತ್ತು. ಪರಶುರಾಮ ಕೈಯಲ್ಲಿ ಅರ್ಧ ಭಾಕ್ರಿ ಹಿಡಿದುಕೊಂಡೇ ನಮ್ಮ ಹತ್ತಿರ ಬಂದ. ಖುಷಿಯಿಂದ ಮುಖ ಅರಳಿತ್ತು.

"ಭಾರಿ ಹಾಂ ಅಕ್ಕಾ," ಎಂದ. "ಹಾಫ್ ಕ್ಲಚ್ ಮ್ಯಾಲ ಹಿಂಗ ಗಾಡಿ ಎತ್ತೂದು ನಮ್ಮ ಗಾವದಾಗ ಯಾರಿಗೂ ಜಮಂಗಿಲ್ಲ. ಆವಾಜ ಕೇಳೇ ಗೊತ್ತಾತು."

ಭರತೇಶ ನಕ್ಕ. ಇದರಲ್ಲಿ ಕ್ಲಚ್ ಎಲ್ಲಿ ಐತಪ್ಪಾ ಎಂದು ಕೇಳಿದ. ಪರಶುರಾಮ ಬಗ್ಗಿ ಒಳಗೆ ನೋಡಿದ. ಇನ್ನೊಮ್ಮೆ ನೋಡಿದ. ನಾವು ಮೂವರೂ ಸೇರಿ ತನ್ನನ್ನು ಗೇಲಿ ಮಾಡುತ್ತಿದ್ದೇವೆ ಎಂದುಕೊಂಡಿರಬೇಕು, ಮರಾಠಿಯಲ್ಲಿ ಏನೋ ಗೊಣಗಿ ತನ್ನ ಡಬ್ಬಿಯ ಕಡೆ ಹೋದ. ಆದರೂ ಅವನೇ ಆಮೇಲೆ ನಮ್ಮ ಗಾಡಿಯನ್ನು ಖಾನಾಪುರದವರೆಗೆ ಎಳೆದುಕೊಂಡು ಬಂದ. ಏಕೆಂದರೆ ದಂಡೆ ಹತ್ತಿದ ಮೇಲೆ ನಮ್ಮ ಗಾಡಿ ಯಾವ ಗೇರಿನಲ್ಲೂ ಒಂದು ಗೇಣೂ ಅಲುಗಲಿಲ್ಲ.

ಅಲ್ಲೇ, ಆ ಬಿಸಿಲಿನಲ್ಲೇ, ನಾನು ಇಬ್ಬರಿಗೂ ಆದದ್ದನ್ನು ಆದ ಹಾಗೆ ಹೇಳಿಬಿಟ್ಟೆ. ಹೇಳಿದರೆ ಸೀಟು ಹೋಗಬಹುದು ಎಂದು ಆ ಹೊತ್ತಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆ ಎಂದುಕೊಳ್ಳಲು ಇಷ್ಟಪಡುತ್ತೇನೆ.

ಮರುದಿನ ಅಣ್ಣ ಗೇರ್‌ಬಾಕ್ಸ್ ಬಿಚ್ಚಿದ. ಎಣ್ಣೆ ಡಾಂಬರಿನಂತಾಗಿತ್ತು. ಕೆಳಗಿನ ಗೇರಿಗೆ ಬೇಕಾದ ಪ್ಲೇಟುಗಳ ಮೇಲೆ ಹಿಡಿಯುವ ಪದರವೇ ಉಳಿದಿರಲಿಲ್ಲ, ಬರಿಯ ಉಕ್ಕು, ಅದೂ ನೀಲಿಗಟ್ಟಿತ್ತು. ಅಣ್ಣ ಒಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇದರ ಮೇಲೆ ಗಾಡಿ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ ಎಂದ. ಭರತೇಶನ ಹತ್ತಿರ ವಿವರಣೆ ಇತ್ತು. ನಾನು ಬ್ರೇಕ್ ಒತ್ತಿ ಎಕ್ಸಲರೇಟರ್ ಬಿಟ್ಟಾಗ ಎಣ್ಣೆ ಕ್ಷಣ ಹೊತ್ತು ಸುಧಾರಿಸಿಕೊಂಡು, ಉಳಿದ ಚೂರುಪಾರು ಪದರ ಕೊನೆಯ ಸಲ ಹಿಡಿದಿರಬೇಕು. ಪ್ಲೇಟು ಜಾರುತ್ತ ಹಿಡಿಯುವಾಗ ಬರುವ ಸದ್ದು ಹಾಫ್ ಕ್ಲಚ್ಚಿನ ಸದ್ದಿನ ಹಾಗೇ ಇರುತ್ತದೆ. ಇದು ದಡ್ಡ ವಿವರಣೆಯಲ್ಲ. ಅಣ್ಣನಿಗೂ ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ. ನನಗೂ ಸಿಕ್ಕಿಲ್ಲ.

ಆದರೆ ಭರತೇಶ ಅಲ್ಲಿಗೆ ನಿಲ್ಲಲಿಲ್ಲ. ಕಾಲು ಕ್ಲಚ್ ಒತ್ತುತ್ತದೆ ಎಂದಾದರೆ ಆಟೊಮ್ಯಾಟಿಕ್ ಯಾಕೆ ಬೇಕು ಎಂದು ಹಳೆಯ ಜೀಪನ್ನು ಅಂಗಳಕ್ಕೆ ತಂದು ನನ್ನನ್ನು ಕೂರಿಸಿದ. ಒತ್ತಿದೆ. ಅಂಗಾಲಿಗೆ ಏನೂ ತಿಳಿಯಲಿಲ್ಲ. ಕಾಲು ಜಾರಿ ಜೀಪು ಹಾರಿತು. ಪುಣ್ಯಕ್ಕೆ ಗೋಡೆ ದೂರವಿತ್ತು. ಅವನಿಗೆ ಅಯ್ಯೋ ಅನ್ನಿಸಿರಬೇಕು, ದನಿ ಮೆತ್ತಗಾಯಿತು.

"ತಂಗಿ, ಗಾಡ್ಯಾಗ ಇಲ್ಲದ ಪೆಡಲ್ ತುಳಿಯೋರ ಕೈಯಾಗ ಸ್ಟೀರಿಂಗ್ ಹೆಂಗ ಕೊಡ್ಲಿ? ನಾಳೆ ಅಲ್ಲಿ ಇಲ್ಲದ ರಸ್ತಾ ಕಂಡ್ರ? ಒಂದ ಮಾತ ಹೇಳು, ಸಾಕು. ಬಿಸಲಾಗ ಅಂಜಿದ್ನಿ, ಏನೋ ಅನಸ್ತು. ಅಷ್ಟ ಅನ್ನು. ಸೀಟ ನಿಂದ."

ಸುಲಭದ ಮಾತು. ನಾನೇ ತರಗತಿಯಲ್ಲಿ ಹೇಳುವಂಥ ಮಾತು. ಅಂಜಿಕೆಯಲ್ಲಿ ಮೈ ಏನೇನೋ ಕಲ್ಪಿಸಿಕೊಳ್ಳುತ್ತದೆ. ಇದಕ್ಕಿಂತ ತೀಕ್ಷ್ಣವಾದ ಅನುಮಾನ ನನ್ನೊಳಗೇ ಇತ್ತು. ಪರಶುರಾಮ "ಹಾಫ್ ಕ್ಲಚ್" ಎಂದ ಮೇಲೆ ತಾನೇ ನಾನು ಎಲ್ಲವನ್ನೂ ಹೇಳಿದ್ದು? ಅವನ ಮಾತೇ ಹಿಂದಕ್ಕೆ ಹೋಗಿ ನನ್ನ ನೆನಪಿನಲ್ಲಿ ಒಂದು ಪೆಡಲ್ ಇಟ್ಟಿರಬಹುದಲ್ಲವೇ? ಅಂದಿನ ರಾತ್ರಿ ಪೂರ್ತಿ ಅದನ್ನೇ ತಿರುವಿ ಹಾಕಿದೆ. ಆದರೆ ಅವನು ಭಾಕ್ರಿ ಹಿಡಿದು ಬರುವ ಮೊದಲೇ ನಾನು ಮೀನಖಂಡ ಹಿಡಿದು ಕುಳಿತಿದ್ದೆ. ಅಣ್ಣ ಹಾಗೇ ನೆನಪಿಸಿಕೊಳ್ಳುತ್ತಾನೆ. ಅಣ್ಣನ ನೆನಪೂ ನೆನಪೇ ತಾನೆ ಎಂದು ನೀವು ಕೇಳಬಹುದು. ಕೇಳಿ. ನಾನೂ ಕೇಳಿಕೊಂಡಿದ್ದೇನೆ. ಉತ್ತರವಾಗಿ ನನ್ನ ಬಳಿ ಇದ್ದದ್ದು ಆ ನೋವು ಒಂದೇ. ವಾರ ಕಳೆದರೂ ಅದು ಇಳಿದಿರಲಿಲ್ಲ. ದುಡಿದ ಕಾಲಿನ ನೋವು. ಬಲಗಾಲಿಗೆ ಅಂಥದ್ದು ಎಷ್ಟೋ ಸಲ ಬಂದಿದೆ, ಎಡಗಾಲಿಗೆ ಅದೇ ಮೊದಲು. ಡಾಕ್ಟರು ಮುಟ್ಟಿ ನೋಡಿ ಸೆಟೆತ ಇರಬಹುದು ಎಂದರು. ಇರಬಹುದು.

ಅವ್ವನಿಗೂ ಹೇಳಿದ್ದೆ. ನಮ್ಮ ಮನೆಯಲ್ಲಿ ಅವ್ವ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುವವಳು. ಯಾವುದೋ ದೇವರು, ಯಾವುದೋ ಹಿರಿಯರ ಆತ್ಮ ಎಂದು ಏನಾದರೂ ಹೇಳುತ್ತಾಳೆ, ಅದಕ್ಕೆ ಎದುರು ವಾದಿಸಬೇಕಾಗುತ್ತದೆ ಎಂದು ಸಿದ್ಧಳಾಗಿದ್ದೆ. ಅವಳು ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೀನಖಂಡಕ್ಕೆ ಒತ್ತುತ್ತ ಒಂದೇ ಮಾತು ಹೇಳಿದಳು.

"ಕಾಲ ನಿಂದು. ಅದು ಮಾಡಿದ ಕೆಲಸಕ್ಕ ಮಂದಿ ಹೆಸರ ಯಾಕ ಇಡತಿ?"

ಅವ್ವ ಹಾಗೆ ಹೇಳಿದ ಮರುದಿನ ಗ್ಯಾರೇಜಿಗೆ ಹೋಗಿ ಭರತೇಶನ ಮುಂದೆ ನಿಂತೆ. ಅಂಜಿದ್ದು ಖರೇ, ಪೆಡಲ್ ಇದ್ದದ್ದೂ ಖರೇ, ಎರಡರಲ್ಲಿ ಒಂದನ್ನು ಬಿಡು ಎಂದರೆ ಬಿಡುವುದಿಲ್ಲ ಎಂದೆ. ಸುಳ್ಳು ಹೇಳಿ ಸಿಕ್ಕ ಸೀಟಿನಲ್ಲಿ ನಾನು ಕೂರುವುದಿಲ್ಲ, ಖರೇ ಹೇಳಿದ್ದಕ್ಕೆ ಸೀಟು ಕಳೆದುಕೊಳ್ಳುವುದೂ ಇಲ್ಲ. ಗಾಡಿ ತಯಾರಾಗಲಿ, ನೀವೇ ಪಕ್ಕದಲ್ಲಿ ಕುಳಿತು ನನ್ನ ಎಡಗಾಲನ್ನೇ ನೋಡಿ, ಅದೇ ಏರು ಹತ್ತುತ್ತೇನೆ ಎಂದೆ. ಇಷ್ಟನ್ನು ಇದೇ ಶಬ್ದಗಳಲ್ಲಿ ಹೇಳಿದೆನೇ ಎಂದು ಖಾತ್ರಿಯಿಲ್ಲ. ಅಣ್ಣನ ಪ್ರಕಾರ ನಾನು ಇನ್ನೂ ಜೋರಾಗಿ, ಇನ್ನೂ ಕೆಟ್ಟದಾಗಿ ಮಾತಾಡಿದೆ.

ಅಣ್ಣ ಹೊಸ ಪ್ಲೇಟು ಹಾಕಿದ. ಕೂಲರನ್ನು ಎಂಜಿನ್ನಿನ ಬಿಸಿಗಾಳಿ ತಾಗದ ಹಾಗೆ ಹಿಂದಕ್ಕೆ ಒಯ್ದು ಅದಕ್ಕೆ ಬೇರೆಯೇ ಫ್ಯಾನು ಕೊಟ್ಟ. ಮಳೆ ಹಿಡಿಯುವ ಮೊದಲು ಮತ್ತೆ ಅದೇ ಮಡುವಿನ ಅಂಚಿಗೆ ಇಳಿದೆವು. ಭರತೇಶ ಪಕ್ಕದಲ್ಲಿ ಕುಳಿತು, ಮುಂದಿನ ದಾರಿಯನ್ನು ಬಿಟ್ಟು ನನ್ನ ಬೂಟನ್ನೇ ನೋಡುತ್ತಿದ್ದ. ಏರಿದೆವು, ಇಳಿದೆವು, ಮತ್ತೆ ಏರಿದೆವು. ಮುಳ್ಳು ಕೆಂಪಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ನನ್ನ ಎಡಗಾಲು ತಗಡಿನ ಮೇಲೆ ಸುಮ್ಮನೆ ಮಲಗಿತ್ತು. ಭರತೇಶ ಬೆಲ್ಟು ಬಿಚ್ಚಿಕೊಳ್ಳುತ್ತ, ಆ ಪೆಡಲ್ ಇನ್ನೊಮ್ಮೆ ಬಂದರೆ ತನಗೂ ಹೇಳಬೇಕು, ತಾನೂ ಒಂದು ಸಲ ತುಳಿದು ನೋಡುತ್ತೇನೆ ಎಂದ. ಅವನ ಒಪ್ಪಿಗೆ ಎಂದರೆ ಅಷ್ಟೇ.

ರಾಜಸ್ಥಾನದ ಸ್ಪರ್ಧೆಯಲ್ಲಿ ನಾನೇ ಓಡಿಸಿದೆ, ಪಕ್ಕದಲ್ಲಿ ಅವನು ದಾರಿ ಹೇಳುತ್ತಿದ್ದ. ಅಲ್ಲಿಯ ಮರಳು ನಮ್ಮ ಹೊಳೆಯ ಮರಳಿಗಿಂತ ಸಣ್ಣದು, ಕರಿಮರಳಿಗಿಂತ ಕೊಂಚ ಒಳ್ಳೆಯದು. ಎಣ್ಣೆ ಕಾದಾಗ ನಿಲ್ಲಿಸಿ ತಣಿಸಿದೆವು. ಹಾಗೆ ನಿಂತಾಗಲೆಲ್ಲ ಯಾರೋ ನಮ್ಮನ್ನು ದಾಟಿ ಹೋದರು. ಬಹುಮಾನ ಬರಲಿಲ್ಲ. ಕೊನೆಯವರೆಗೆ ಹೋದೆವು, ನಮ್ಮನ್ನು ದಾಟಿ ಹೋಗಿದ್ದ ಕೆಲವರು ಕೊನೆ ಮುಟ್ಟಿರಲಿಲ್ಲ. ಎರಡು ಕಡೆ ಗಾಡಿ ಹೂತು ಎಂಜಿನ್ನು ಅದೇ ದನಿಯಲ್ಲಿ ಕೂಗಿದಾಗ ನನ್ನ ಎಡಗಾಲಿಗೆ ಕಾದೆ. ಅದು ಏಳಲಿಲ್ಲ. ಸಲಿಕೆಯಿಂದ ಮರಳು ತೋಡಿ ಹೊರಬಂದೆವು.

ಮರಳಿ ಬಂದ ಮೇಲೆ ಅಣ್ಣ ಗಾಡಿಯನ್ನು ಸರಿಮಾಡುತ್ತ, ಎಡಗಾಲು ಇಡಲು ಒಂದು ಓರೆ ಹಲಗೆ ಕೂಡಿಸುತ್ತೇನೆ ಎಂದ. ಎಲ್ಲ ಆಟೊಮ್ಯಾಟಿಕ್ ಗಾಡಿಗಳಲ್ಲೂ ಅದಿರುತ್ತದೆ, ಕುಲುಕಾಟದಲ್ಲಿ ಕಾಲಿಗೆ ಆಸರೆ. ತಗಡು ಕತ್ತರಿಸಿ ತಂದು ವೆಲ್ಡಿಂಗ್ ಮಾಡಲು ಬಗ್ಗಿದ್ದ. ಬೇಡ ಎಂದೆ. ಯಾಕೆ ಎಂದು ಅವನು ತಲೆಯೆತ್ತಿ ನೋಡಿದ. ನನ್ನ ಓದು, ನನ್ನ ಪಾಠ, ನನ್ನ ಅನುಮಾನ ಎಲ್ಲವೂ ನನ್ನ ಹಿಂದೆಯೇ ನಿಂತಿದ್ದವು. ಅವುಗಳಿಗೆ ಕೇಳಿಸುವ ಹಾಗೆಯೇ ಹೇಳಿದೆ.

"ಆ ಜಾಗಾ ಖಾಲಿ ಇರ್ಲಿ."

ಅಣ್ಣ ಹಲಗೆಯನ್ನು ಬದಿಗಿಟ್ಟ. ಈಗಲೂ ಆ ಗಾಡಿಯಲ್ಲಿ ಎಡಕ್ಕೆ ಬರಿಯ ತಗಡು. ಹತ್ತಿ ಕುಳಿತಾಗಲೆಲ್ಲ, ಸ್ಟಾರ್ಟ್ ಮಾಡುವ ಮೊದಲು, ತೊಡೆಯ ಬಲದಿಂದ ಕಾಲನ್ನು ಮುಂದೆ ಇಟ್ಟು ಒಮ್ಮೆ ಒತ್ತಿ ನೋಡುತ್ತೇನೆ. ಟಣ್ ಎನ್ನುತ್ತದೆ.